ತಬಿತಾ ಅಜ್ಜಿಗೆ ಸಿಗದ ಕರ್ತನ ಭೋಜನ

ಫೆಬ್ರವರಿ ಮೂವತ್ತು, ೨೩೦೭
ತೇಲುಕೇರಿ, ಹಳೆಯ ಉಡುಪಿಯ ಪಡುವಣ ದಂಡೆ

ನಮ್ಮ ಪೂರ್ವಿಕರಾದ ಸಭೆಯವರಿಗೆ ವಂದನೆಗಳು. ನಿಮ್ಮ ಫೆಬ್ರವರಿಯಲ್ಲಿ ಮೂವತ್ತನೆಯ ದಿನ ಇರಲಿಲ್ಲವೆಂದು ಗೊತ್ತು. ನಾವು ಕ್ಯಾಲೆಂಡರನ್ನು ತಿದ್ದಿಕೊಂಡಿದ್ದೇವೆ. ನನ್ನ ಕನ್ನಡವೂ ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಿ.

ತೇಲುಕೇರಿಯೆಂದರೆ ಪೀಪಾಯಿಗಳ ಮೇಲೆ ಹಲಗೆ ಹಾಸಿ ಕಟ್ಟಿದ ಊರು. ಕಡಲು ಒಳಗೆ ಬಂದ ಮೇಲೆ ನಾವು ಇಲ್ಲೇ ಇದ್ದೇವೆ. ಉಪ್ಪುನೀರಿನಲ್ಲೂ ಬೆಳೆಯುವ ಕಗ್ಗ ಭತ್ತವನ್ನು ಹಿನ್ನೀರಿನಲ್ಲಿ ಬಿತ್ತುತ್ತೇವೆ, ಮರುವಾಯಿ ಚಿಪ್ಪು ಹೆಕ್ಕುತ್ತೇವೆ, ಗಂಜಿ ಕುಡಿಯುತ್ತೇವೆ. ಗೋಧಿ, ದ್ರಾಕ್ಷಿ ಬರುವುದು ನಿಂತಿದೆ. ಯೇಸುವಿನ ನೆನಪಿಗೆ ಸಭೆಯವರೆಲ್ಲ ಒಟ್ಟಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ಜಗಳ ಹುಟ್ಟಿದ್ದು ಅಲ್ಲಿಂದಲೇ.

ಸಭೆಯ ಒಂದು ಪಂಗಡಕ್ಕೆ ಮೇಜಿನವರು ಎನ್ನುತ್ತೇವೆ. ಕರ್ತನು ಮುರಿದದ್ದು ಗೋಧಿ ರೊಟ್ಟಿ, ಕೊಟ್ಟದ್ದು ದ್ರಾಕ್ಷಾರಸ. ಅಕ್ಕಿ ರೊಟ್ಟಿ, ಎಳನೀರು ಇಟ್ಟರೆ ಅದು ಭೋಜನವೇ ಅಲ್ಲ ಎಂಬುದು ಅವರ ಹಟ. ಇನ್ನೊಂದು ಪಂಗಡ ಬಯಲವರು. ದೇವರನ್ನು ತಿಳಿಯಲು ಕಡಲು, ಪೈರು, ಮನುಷ್ಯನ ಬುದ್ಧಿ ಸಾಕು. ದುಡಿದು ತಿಂದ ತುತ್ತೆಲ್ಲ ಕರ್ತನ ಭೋಜನವೇ, ಬೇರೆ ಮೇಜು ಯಾಕೆ ಎಂಬುದು ಅವರ ತರ್ಕ. ಎರಡೂ ಕಡೆ ಒಳ್ಳೆಯ ಜನ, ಬಾಯಿ ಮಾತ್ರ ಜೋರು. ಕೊನೆಗೆ ಇಬ್ಬರೂ ಒಪ್ಪಿದ್ದು ಒಂದೇ ಮಾತಿಗೆ: ತೀರ್ಮಾನ ಆಗುವ ತನಕ ಯಾರಿಗೂ ಭೋಜನ ಬೇಡ. ಆಗ ಅದು ನ್ಯಾಯವಾಗಿಯೇ ಕಂಡಿತು.

ನನ್ನ ತಾಯಿಯ ತಾಯಿ ತಬಿತಾ ಅಜ್ಜಿ ಹೀಗೆ ಭೋಜನ ನಿಂತ ಮಳೆಗಾಲದಲ್ಲಿ ಹಾಸಿಗೆ ಹಿಡಿದರು. ಸಾಯುವ ಮೊದಲು ಭೋಜನ ಬೇಕೆಂದರು. ಮೇಜಿನವರ ಹಿರಿಯರಾದ ಎಲ್ಕಾನ ಸಾಲಿನ್ಸ್ ಬಂದು, ಎಲ್ಲಿಂದಾದರೂ ಗೋಧಿ ತರಿಸುತ್ತೇವೆ, ಸ್ವಲ್ಪ ತಡೆಯಿರಿ ಎಂದರು. ಬಯಲವರ ಕೆಜಿಯಾ ಟೀಚರ್ ಅಜ್ಜಿಯ ಕೈ ಹಿಡಿದು, ಬೆಳಿಗ್ಗೆ ಕುಡಿದ ಗಂಜಿಯೇ ಭೋಜನವಾಯಿತಲ್ಲ ಎಂದು ಸಮಾಧಾನ ಹೇಳಿದರು. ಅಜ್ಜಿಗೆ ಸಿಟ್ಟು ಬಂತು.

“ಗಂಜಿ ನಾನು ಒಬ್ಬಳೇ ಕುಡಿದದ್ದು ಮಾರಾಯ್ತಿ. ನೀವೆಲ್ಲ ನನ್ನ ಹತ್ರ ಒಟ್ಟಿಗೆ ಕೂತ್ಕೊಳ್ಳಿ, ನಂಗೆ ಅಷ್ಟೇ ಬೇಕಾದ್ದು. ತಿನ್ಲಿಕ್ಕೆ ಏನು ಬೇಕಾದ್ರೂ ಕೊಡಿ” ಎಂದರು.

ಸಭೆ ಕೂಡಿಸಿ ಮಾತಾಡುತ್ತೇವೆ ಎಂದು ಇಬ್ಬರೂ ಹೊರಟರು. ಸಭೆ ಕೂಡಿತು, ಮಾತು ಮುಗಿಯಲಿಲ್ಲ. ಅಷ್ಟರಲ್ಲಿ ಅಜ್ಜಿ ತೀರಿಕೊಂಡರು.

ಮಣ್ಣು ಮಾಡಲು ನಮ್ಮಲ್ಲಿ ನೆಲವಿಲ್ಲ. ದೋಣಿಯಲ್ಲಿ ಗುಡ್ಡಕ್ಕೆ ಒಯ್ಯುತ್ತೇವೆ. ಹಿಂದಿರುಗಿದವರಿಗೆ ಸಾವಿನ ಮನೆಯಲ್ಲಿ ಗಂಜಿ ಬಡಿಸುವ ಪದ್ಧತಿ ಇನ್ನೂ ಇದೆ. ಎಲ್ಕಾನರೂ ಕೆಜಿಯಾ ಟೀಚರೂ ಅಜ್ಜಿಯ ಖಾಲಿ ಹಾಸಿಗೆಯ ಪಕ್ಕದಲ್ಲೇ ಮೊಣಕೈ ತಾಗುವಂತೆ ಕೂತು, ಒಂದೇ ಪಾತ್ರೆಯಿಂದ ಬಡಿಸಿಕೊಂಡು ಉಂಡರು. ಯಾವ ಧಾನ್ಯ ಎಂದು ಒಬ್ಬರೂ ಕೇಳಲಿಲ್ಲ. ಅಜ್ಜಿ ಕೇಳಿದ್ದು ಇದನ್ನೇ ಅಲ್ಲವೇ? ನಾನು ಬಟ್ಟಲು ಕೆಳಗಿಟ್ಟು ಎದ್ದು ಹೋದೆ. ಆ ಸಂಕಟ ಇವತ್ತಿಗೂ ಹೋಗಿಲ್ಲ.

ಪೂರ್ವಿಕರೇ, ನಿಮ್ಮಲ್ಲಿ ಗೋಧಿಯಿದೆ, ದ್ರಾಕ್ಷಿಯಿದೆ. ವಾದವೂ ಇರುತ್ತದೆಂದು ಬಲ್ಲೆ. ವಾದ ಮಾಡಿ, ಬೇಡವೆನ್ನುವುದಿಲ್ಲ. ಆದರೆ ನಿಮ್ಮ ಸಭೆಯಲ್ಲಿ ಯಾರಾದರೂ ಹಾಸಿಗೆ ಹಿಡಿದು ಕೇಳಿದರೆ, ಎರಡೂ ಕಡೆಯವರು ಹೋಗಿ ಕೂತುಕೊಳ್ಳಿ, ಅವರು ಬದುಕಿರುವಾಗಲೇ.

ಇತಿ,
ನಿಮಗಿಂತ ಎಷ್ಟೋ ತಲೆಮಾರು ಮುಂದಿನವಳು
ಮಿಲ್ಕಾ ಅಮ್ಮನ್ನ