ಡಿಗ್ರಿಯಾ, ಮಿನಿಟಾ?

ಪ್ರೀತಿಯ ವಾರಿಜಕ್ಕ,

ನಿಮ್ಮ ಕುರ್ಚಿಯಲ್ಲಿ ಈಗ ನನ್ನ ಬ್ಯಾಗು ಕೂತಿದೆ. ಬೇರೆ ಯಾರೂ ಕೂರಬಾರದು ಎಂದು ಇಟ್ಟದ್ದಲ್ಲ, ಹಾಗೆ ಅಂದುಕೊಳ್ಳಬೇಡಿ. ಅಥವಾ ಅಂದುಕೊಳ್ಳಿ. ಕಾರ್ಕಳದ ಬಸ್ಸಿಳಿದು ನೀವು ಮಣಿಪಾಲದ ಈ ಆಫೀಸಿಗೆ ಬರುತ್ತಿದ್ದ ಹೊತ್ತಿಗೆ ನನ್ನ ಕಣ್ಣು ಈಗಲೂ ಬಾಗಿಲಿಗೆ ಹೋಗುತ್ತದೆ. ಏಳುತ್ತೇನೆ, ಕಿಟಕಿಯ ಹತ್ತಿರ ನಿಲ್ಲುತ್ತೇನೆ, ಬಾಯಾರಿಕೆ ಇಲ್ಲದಿದ್ದರೂ ನೀರು ಕುಡಿದು ಬಂದು ಕೂರುತ್ತೇನೆ. ನಮ್ಮ ಮ್ಯಾನೇಜರ್ ಸಂದೀಪ ಕೇಳಿದ, "ಪ್ರಮೀಳಾ, ನಿಮಗೆ ಕೂತಲ್ಲಿ ಕೂರಲಿಕ್ಕೆ ಆಗುವುದಿಲ್ವಾ?" ಆಗುವುದಿಲ್ಲ. ನಿಮಗೊಬ್ಬರಿಗೇ ಹೇಳಬೇಕಾದ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಎಷ್ಟು ದಿನ ಕೂರುವುದು?

ನಾನು ಕೆಲಸಕ್ಕೆ ಸೇರಿದ ವಾರ ನೀವು ಹಿಂದೆ ಬಂದು ನಿಂತು, ಸ್ಕ್ರೀನಿಗೆ ಬೆರಳಿಟ್ಟು ಕೇಳಿದ್ದು ನೆನಪಿದೆಯಾ? "ಇದು ಎಂತ?" ನನ್ನ ಪ್ರೋಗ್ರಾಮಿನಲ್ಲಿ ಸಾಲಾಗಿ ಪಟ್ಟಿ ಮಾಡಿಟ್ಟ ಬೋಟುಗಳ ಒಂದು ಅರೇ, ಅದರೊಳಗೆ ಪ್ರಯಾಣಗಳ ಅರೇ, ಅದರೊಳಗೆ ಇನ್ನೊಂದು, ಅದರ ಮೊದಲ ಜಾಗದಲ್ಲಿ ಒಂದು ಸಂಖ್ಯೆ. ಅಕ್ಷಾಂಶ ಎಂದೆ. "ಅದು ನಿನಗೆ ಗೊತ್ತು. ಅದಕ್ಕೆ ಗೊತ್ತುಂಟಾ?" ಎಂದಿರಿ. ನನಗೆ ಸಿಟ್ಟು ಬಂದಿತ್ತು. ಹೊಸಬಳ ಕೆಲಸದಲ್ಲಿ ಹುಳುಕು ಹುಡುಕುವುದು ಎಲ್ಲರಿಗೂ ಬರುತ್ತದೆ ಎಂದುಕೊಂಡೆ.

ಇನ್ನಂಜೆಯಲ್ಲಿ ನಿಮ್ಮ ಅಕ್ಕನ ಮಗಳ ಮದುವೆಯ ಊಟಕ್ಕೆ ಕೂತಾಗ ಅದು ಅರ್ಥವಾಯಿತು. ನಮ್ಮ ಪಕ್ಕದಲ್ಲಿ ಮದುಮಗಳ ಗೆಳತಿ, ಮಣಿಪಾಲದ ಹಾಸ್ಟೆಲಿನಲ್ಲಿರುವ ಉತ್ತರ ಭಾರತದ ಹುಡುಗಿ. ಪಾಯಸಕ್ಕೆ ಸಿಹಿ ಸಾಲದೆಂದು ಎಲೆಯ ಮೂಲೆಯಲ್ಲಿದ್ದ ಬಿಳಿ ಪುಡಿಯನ್ನು ಪೂರ್ತಿ ಬೆರೆಸಿಬಿಟ್ಟಳು. ಪಾಪ, ಅವಳ ಮುಖ! ನೀವು ಅವಳಿಗೆ ಬೇರೆ ಪಾಯಸ ಹಾಕಿಸಿ, ನನ್ನ ಕಿವಿಯಲ್ಲಿ, "ನೋಡು ಮಾರಾಯ್ತಿ, ನಿನ್ನ ಅರೇ ಹೀಗೆಯೇ. ಯಾವುದಕ್ಕೂ ಹೆಸರಿಲ್ಲ, ಜಾಗ ಮಾತ್ರ. ಉಪ್ಪು ಎಲ್ಲಿ ಬಡಿಸುತ್ತಾರೆ ಎಂದು ಗೊತ್ತಿದ್ದವರಿಗೆ ಮಾತ್ರ ಊಟ" ಎಂದಿರಿ. ಮದುವೆ ಮನೆಯಲ್ಲಿಯೂ ಪಾಠ ಬಿಡದ ಹೆಂಗಸು ನೀವು.

ನೀವು ಹೇಳುತ್ತಿದ್ದುದು ಇಷ್ಟೇ. ಸಂಖ್ಯೆಯನ್ನು ಬರಿಮೈಯಲ್ಲಿ ಕಳಿಸಬೇಡ. ಅದಕ್ಕೊಂದು ಹೆಸರು ಕೊಡು, ಅದರ ಅಳತೆ ಯಾವುದೆಂದು ಅದರೊಳಗೇ ಇಡು, ತಪ್ಪಾಗಿದ್ದರೆ ಹುಟ್ಟುವಾಗಲೇ ತಡೆ, ಹುಟ್ಟಿದ ಮೇಲೆ ಯಾರೂ ತಿದ್ದದಂತೆ ಮಾಡು. ಅದಕ್ಕೆ ವ್ಯಾಲ್ಯೂ ಆಬ್ಜೆಕ್ಟ್ ಎನ್ನುತ್ತಾರೆ ಎಂದು ಕೊನೆಗೆ ಹೇಳಿದಿರಿ. ಹೆಸರನ್ನು ಮೊದಲೇ ಹೇಳಿದ್ದರೆ ನಾನು ಬಾಯಿಪಾಠ ಮಾಡಿ ಮರೆತುಬಿಡುತ್ತಿದ್ದೆನೋ ಏನೋ.

ಮತ್ತೆ ಆ ಭಾನುವಾರ, ಕಾಪುವಿನ ನಮ್ಮ ಮನೆಗೆ ನೀವು ಬಂದದ್ದು. ಕೆಟ್ಟು ನಿಂತ ಬೋಟಿಗೆ ಹತ್ತಿರದ ಬೋಟನ್ನು ಹುಡುಕಿ ಕಳಿಸುವ ಆ್ಯಪ್ ಮಾಡಬೇಕಾದರೆ ಬೋಟಿನವರ ಮಾತು ಕೇಳಬೇಕು ಎಂದು ಹಟ ಹಿಡಿದಿದ್ದಿರಿ. ನನ್ನ ತಮ್ಮ ಲೋಕೇಶ ತಂಡೇಲ, ಬೋಟು ನಡೆಸುವವ. ನೀರು ಎಷ್ಟು ಆಳ ಎಂದಿರಿ. ಅವನು ಎರಡೂ ಕೈ ಅಗಲಿಸಿ, "ಹದಿನೆಂಟು ಮಾರು" ಎಂದ. "ಯಾರ ಕೈಯಲ್ಲಿ ಮಾರಾಯ, ನಿನ್ನದಾ, ನನ್ನದಾ?" ಎಂದು ನಿಮ್ಮ ಗಿಡ್ಡ ಕೈಗಳನ್ನು ಚಾಚಿ ನಿಂತಿರಿ. ಅಮ್ಮ ನಕ್ಕು ಸುಸ್ತಾದಳು. ಎಂಜಿನ್ ನಿಂತರೆ ವಯರ್‌ಲೆಸ್ಸಿನಲ್ಲಿ ಜಾಗ ಹೇಗೆ ಹೇಳುತ್ತೀ ಎಂದು ಕೇಳಿದಿರಿ. "ಹದಿಮೂರು ಇಪ್ಪತ್ತು ಅಂತ ಹೇಳ್ತೇವೆ." ಡಿಗ್ರಿ ಎಲ್ಲಿ, ಮಿನಿಟು ಎಲ್ಲಿ? "ಅದು ಎಲ್ಲರಿಗೂ ಗೊತ್ತುಂಟಲ್ಲ ಅಕ್ಕ." ಆಗ ನಿಮ್ಮ ನಗು ನಿಂತಿತು.

ನಿಂತದ್ದು ಏಕೆ ಎಂದು ಬಸ್‌ಸ್ಟ್ಯಾಂಡಿಗೆ ಬಂದ ಮೇಲೆಯೇ ನೀವು ಹೇಳಿದ್ದು. ದಡದ ಕೋಣೆಯಲ್ಲಿ ವಯರ್‌ಲೆಸ್ ಹಿಡಿದು ಕೂತವರು ಅದನ್ನು ಕೇಳಿ ಹದಿಮೂರು, ಚುಕ್ಕಿ, ಇಪ್ಪತ್ತು ಎಂದು ಟೈಪ್ ಮಾಡುತ್ತಾರೆ. ಒಂದು ಡಿಗ್ರಿಗೆ ಅರವತ್ತು ಮಿನಿಟು, ಇಪ್ಪತ್ತು ಮಿನಿಟೆಂದರೆ ಡಿಗ್ರಿಯ ಮೂರನೇ ಒಂದು ಪಾಲು, ಚುಕ್ಕಿ ಇಪ್ಪತ್ತೆಂದರೆ ಐದನೇ ಒಂದು ಪಾಲು ಮಾತ್ರ, ನಮ್ಮ ಅರೇಗೆ ಅದೆಲ್ಲ ಏನು ಗೊತ್ತು? ಕೊಟ್ಟದ್ದನ್ನು ನುಂಗುತ್ತದೆ. ಬೋಟು ಮಲ್ಪೆಯ ಎದುರು ಅಲೆಯಲ್ಲಿ ತೇಲುತ್ತಿರುತ್ತದೆ, ನಮ್ಮ ನಕಾಶೆಯ ಚುಕ್ಕಿ ಕಾಪುವಿನ ಎದುರು ತಣ್ಣಗೆ ಕೂತಿರುತ್ತದೆ. ಅಷ್ಟು ಮೈಲಿ ತಪ್ಪಿ ಹುಡುಕಲು ಹೋದವರು...

ಆಸ್ಪತ್ರೆಯಲ್ಲಿ ನಿಮ್ಮನ್ನು ನೋಡಲು ಬಂದ ದಿನ ನಾನು ಪತ್ರೊಡೆ ತಂದಿದ್ದೆ. ತಿನ್ನಲಿಲ್ಲ ನೀವು, ಮೂಸಿ ನೋಡಿ ಪಕ್ಕಕ್ಕಿಟ್ಟಿರಿ. "ಬೋಟಿನ ಸ್ಥಾನದ್ದು ಬರೆದಿದ್ದೇನೆ. ಅರೇಗಳನ್ನು ಕಿತ್ತು ಅದನ್ನು ಕೂರಿಸುವುದು ಬಾಕಿ ಉಂಟು. ಆಳದ್ದು ಇನ್ನೂ..." ಎಂದಿರಿ, ಅಷ್ಟರಲ್ಲಿ ನರ್ಸ್ ಬಂದರು. ಆಳದ್ದು ಇನ್ನೂ ಏನು ವಾರಿಜಕ್ಕ? ಬರೆಯಬೇಕಾ? ಬೇಡವಾ? ಆಟಿ ತಿಂಗಳ ಆ ಮಳೆಯಲ್ಲಿ ನಿಮ್ಮನ್ನು ಸ್ಮಶಾನಕ್ಕೆ ಕಳಿಸಿ ಬಂದ ಮೇಲೆ, ಬೇರೆ ಯಾವುದಕ್ಕೂ ಅಳದ ನಾನು ಆ ಅರ್ಧ ವಾಕ್ಯಕ್ಕೆ ಅತ್ತೆ.

ಆಮೇಲೆ ಶುರುವಾಯಿತು ನೋಡಿ ರಗಳೆ. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿಯುತ್ತಾ ಬಂದಿತ್ತು, ಬೋಟುಗಳು ಇಳಿಯುವ ಮೊದಲು ಆ್ಯಪ್ ಕೊಡಬೇಕಿತ್ತು. ಸಂದೀಪ ನಿಮ್ಮ ಅರ್ಧ ಕೆಲಸವನ್ನು ಬದಿಗಿಡೋಣ ಎಂದ. "ಅರೇ ಓಡ್ತಾ ಉಂಟಲ್ಲ, ಮುಟ್ಟುವುದು ಯಾಕೆ? ಚುಕ್ಕಿ ಸರಿಯಾಗಿ ಬರ್ತದಲ್ಲ." ನಾನು ಅವನ ಎದುರೇ ಹದಿಮೂರು ಚುಕ್ಕಿ ಇಪ್ಪತ್ತು ಹೊಡೆದು ತೋರಿಸಿದೆ. ಮಲ್ಪೆ ಬಿಟ್ಟು, ಹುಟ್ಟಿದಲ್ಲಿಂದ ನೋಡಿದ ನಮ್ಮ ಕಾಪುವಿನ ದೀಪಸ್ತಂಭದ ಎದುರಿಗೇ ಬಂದು ಕೂತಿತು ಚುಕ್ಕಿ. "ನಿಮ್ಮ ತಮ್ಮ ಬೋಟಿನಲ್ಲಿದ್ದಾನೆ ಅಂತ ನಿಮಗೆ ಹೆದರಿಕೆ" ಎಂದ. ಹೌದು ಎಂದೆ. ಹೆದರಿಕೆಯೇ. ಹೆದರದೆ ಬರೆಯುವುದಕ್ಕೆ ಇದೇನು ಹೋಟೆಲಿನ ಮೆನುವಾ? ಸ್ಕ್ರೀನಿನ ಚುಕ್ಕಿಯನ್ನು ಇನ್ನೊಮ್ಮೆ ನೋಡಿ, "ಸರಿ, ಮಾಡಿ. ತಡ ಆಗಬಾರದು" ಎಂದ. ಅವನು ಕೆಟ್ಟವನಲ್ಲ, ಅವಸರದವ.

ಕಿತ್ತೆ ವಾರಿಜಕ್ಕ. ಒಂದು ಅರೇ ಎಳೆದರೆ ಪ್ರೋಗ್ರಾಮು ನಾಲ್ಕು ಕಡೆ ಕಿರುಚುತ್ತಿತ್ತು, ಬೈಯುತ್ತಾ ಕಿತ್ತೆ. ನಡುವೆ ನೀವು ಕಲಿಸಿದ್ದೇ ನನ್ನನ್ನು ಕಾಡಿತು. ಬೆಲೆ ಒಂದೇ ಆದರೆ ಎರಡು ವ್ಯಾಲ್ಯೂ ಆಬ್ಜೆಕ್ಟುಗಳೂ ಒಂದೇ, ಇದರ ಬದಲು ಅದನ್ನು ಇಡಬಹುದು. ಹೊಸದಾಗಿ ಒಬ್ಬರನ್ನು ತೆಗೆದುಕೊಳ್ಳುತ್ತಾರಂತೆ, ನಿಮ್ಮಷ್ಟೇ ಓದು, ನಿಮ್ಮಷ್ಟೇ ಅನುಭವ. ಬರಲಿ. ಬ್ಯಾಗು ತೆಗೆಯುತ್ತೇನೆ. ಆದರೆ ಒಂದೇ ಎಂದು ಯಾರಾದರೂ ಹೇಳಿದರೆ ಜಗಳವಾಗುತ್ತದೆ.

ನಿಮ್ಮ ಫೈಲಿನ ಕೊನೆಯಲ್ಲಿ, ಅಳತೆ ಹೇಳದೆ ಸಂಖ್ಯೆ ಕೊಟ್ಟರೆ ತೋರಿಸುವ ಸಂದೇಶವಿತ್ತು. ತಮಾಷೆಗೆ ಬರೆದಿಟ್ಟಿದ್ದಿರಿ, ಆಮೇಲೆ ಬದಲಿಸುವ ಎಂದು ಇರಬೇಕು: "ಇದು ಎಂತ? ಡಿಗ್ರಿಯಾ, ಮಿನಿಟಾ?" ಗಂಭೀರವಾಗಿ ಬರೆಯಿರಿ ಎಂದು ಸಂದೀಪ ಹೇಳಿದ. ಹ್ಞೂಂ ಎಂದೆ, ಬದಲಿಸಲಿಲ್ಲ.

ಈಗ ಸುದ್ದಿ. ಹೋದ ವಾರ ಮಧ್ಯಾಹ್ನ ಗಾಳಿ ಎದ್ದಿತ್ತು, ಲೋಕೇಶನ ಬೋಟಿನ ಎಂಜಿನ್ ನಿಂತಿತು. ದಡದ ಕೋಣೆಯವರು ನನಗೇ ಫೋನ್ ಮಾಡಿದರು, ಸಿಟ್ಟಿನಲ್ಲಿ. "ನಿಮ್ಮ ಆ್ಯಪ್ ಜಾಗ ತೆಗೆದುಕೊಳ್ಳುವುದಿಲ್ಲ, ಪ್ರಶ್ನೆ ಕೇಳ್ತದೆ. ಇದು ಎಂತ ಅಂತೆ!" ಹಾಗಾದರೆ ಬೋಟಿನವರನ್ನೇ ಕೇಳಿ ಎಂದೆ. ಅವರು ಸ್ಕ್ರೀನಿನಲ್ಲಿದ್ದುದನ್ನೇ ವಯರ್‌ಲೆಸ್ಸಿನಲ್ಲಿ ಓದಿದರು. ಅಲೆಯ ಸದ್ದಿನ ನಡುವೆ ಲೋಕೇಶ ಉತ್ತರ ಕೊಟ್ಟ, ಹದಿಮೂರು ಡಿಗ್ರಿ, ಇಪ್ಪತ್ತು ಮಿನಿಟು. ಚುಕ್ಕಿ ಮಲ್ಪೆಯ ಎದುರಿಗೆ ಬಂತು. ಅಲ್ಲೇ ಹತ್ತಿರವಿದ್ದ ಬೋಟು ಹಗ್ಗ ಕಟ್ಟಿ, ಕತ್ತಲಾಗುವ ಮೊದಲು ಅವನನ್ನು ಎಳೆದು ತಂದಿತು.

ಮನೆಗೆ ಬಂದವನು ಗಂಜಿ ಉಣ್ಣುತ್ತಾ, "ಅಂಥ ಹೊತ್ತಿನಲ್ಲಿ ಡಿಗ್ರಿಯಾ ಮಿನಿಟಾ ಅಂತ ಕೇಳಿದವ ಯಾರು?" ಎಂದ. ಕೈ ಚಾಚಿ ಮಾರು ಅಳೆದರಲ್ಲ, ಅವರು ಎಂದೆ. ಅವನು ಉಣ್ಣುವುದನ್ನು ನಿಲ್ಲಿಸಿದ.

ಆಳದ್ದನ್ನು ಇವತ್ತು ಬರೆಯಲು ಕೂತಿದ್ದೇನೆ. ಮಾರು ಬೇರೆ, ಮೀಟರ್ ಬೇರೆ, ಒಂದರ ಬಟ್ಟಲಿಗೆ ಇನ್ನೊಂದು ಬೀಳದಂತೆ ಮುಗಿಸುತ್ತೇನೆ, ಮಾತು ಕೊಟ್ಟೆ. ಇನ್ನೊಂದು ವಿಷಯ. ನಿನ್ನೆ ದಡದ ಕೋಣೆಗೆ ಹೋಗಿದ್ದೆ. ವಯರ್‌ಲೆಸ್ಸಿನಲ್ಲಿ ಲೋಕೇಶ ಯಾರೋ ಹೊಸ ತಂಡೇಲನಿಗೆ ಹೇಳುತ್ತಿದ್ದ, "ಡಿಗ್ರಿ, ಮಿನಿಟು ಎರಡನ್ನೂ ಬಿಡಿಸಿ ಹೇಳು ಮಾರಾಯ. ಇಲ್ಲದಿದ್ದರೆ ವಾರಿಜಕ್ಕ ಕೇಳ್ತಾರೆ."

ನಿಮ್ಮ
ಪ್ರಮೀಳಾ