ಷರಾ ಒಂದು ಉಳಿದಿತ್ತು

ಜುಲೈ 1, ಸೋಮವಾರ

ಮತ್ತೆ ಅದೇ ಎಕ್ಸ್‌ಎಂಎಲ್. ನಮ್ಮ ರಕ್ತಪರೀಕ್ಷೆ ಲ್ಯಾಬಿನ ಪ್ರತಿ ರಿಪೋರ್ಟೂ ಕಂಪ್ಯೂಟರಿನಲ್ಲಿ ಹೀಗೇ ಒಂದು ಉದ್ದನೆಯ ಫೈಲು. ಒಳಗೆ ಟ್ಯಾಗ್ ಮೇಲೆ ಟ್ಯಾಗ್ — ಹೆಸರು, ಫೋನ್, ಆಧಾರ್, ಫಲಿತಾಂಶ, ಷರಾ. ಬಳ್ಳಾರಿ, ಸಿರುಗುಪ್ಪ, ಕುರುಗೋಡು — ಯಾವ ಶಾಖೆಯಿಂದ ಯಾರು ಹುಡುಕಿದರೂ ಎಲ್ಲ ಬಟಾಬಯಲು. ಹೆಸರು, ಫೋನ್, ಆಧಾರ್ ಇದ್ದಲ್ಲಿ ಬರೀ ಚುಕ್ಕಿ ಕಾಣುವಂತೆ ರೂಲ್ ಬರೆಯುತ್ತಿದ್ದೇನೆ.

ಫಲಿತಾಂಶ? "ಅದನ್ನ ಮುಚ್ಚಬ್ಯಾಡ್ರಿ ಪವಮಾನ, ಲ್ಯಾಬಿನವರಿಗೆ ಬೇಕು," ಎಂದರು ಮ್ಯಾನೇಜರ್ ದೊಡ್ಡಬಸವರಾಜ ಸರ್. "ಹೆಸರೇ ಇಲ್ಲಂದ್ರ ಯಾರ್ದಂತ ಯಾರಿಗೆ ತಿಳೀತೈತಿ?" ಸರಿ ಎನಿಸಿತು. ಕಣ್ಣು ಉರಿ. ಮೂರನೇ ಚಹಾ.

ಜುಲೈ 4, ಗುರುವಾರ

ರೂಲ್ ಹಾಕಿದೆ. ಅರ್ಧ ಗಂಟೆಯಲ್ಲೇ ಸಿರುಗುಪ್ಪ ಕೌಂಟರಿನ ವಿಜಯಲಕ್ಷ್ಮಿಯ ಫೋನ್.

"ಹೆಸರೆಲ್ಲಾ ಚುಕ್ಕಿ ಆಗ್ಯಾವಲ್ರೀ ಸರ್! ಯಾರ ರಿಪೋರ್ಟ್ ಯಾರಿಗೆ ಕೊಡ್ಲಿ?"

"ರಿಪೋರ್ಟ್ ನಂಬರ್ ಕೇಳ್ರಿ."

"ನಂಬರ್ ಯಾರ್ ಇಟ್ಕೋತಾರ್ರಿ? ಗಾದಿಲಿಂಗಪ್ಪ ಅನ್ನೋರೇ ದಿನಕ್ಕ ನಾಕು ಮಂದಿ ಬರ್ತಾರ ಇಲ್ಲಿ. ಇರ್ಲಿ ಬಿಡ್ರಿ, ನಮ್ ಪದ್ಧತಿ ನಮಗೈತಿ."

ನಕ್ಕು ಫೋನ್ ಇಟ್ಟೆ. ಯಾವ ಪದ್ಧತಿ ಎಂದು ಕೇಳಲಿಲ್ಲ. ಸುಸ್ತಾಗಿತ್ತು.

ಜುಲೈ 22, ಸೋಮವಾರ

ದೇಶನೂರಿನಿಂದ ಒಬ್ಬ ಹೆಂಗಸು ಆಫೀಸಿಗೇ ಬಂದಿದ್ದಳು. ವೀರಭದ್ರಮ್ಮ. ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಅವಳ ರಿಪೋರ್ಟ್ ಊರಿಗೆಲ್ಲ ಗೊತ್ತಾಗಿ, ಮಕ್ಕಳು ಅವಳ ಕೈಯ ಅನ್ನ ಬೇಡ ಎನ್ನುತ್ತಿದ್ದಾರಂತೆ. ಹೆಡ್‌ಮಾಸ್ತರು ಸ್ವಲ್ಪ ದಿನ ಬರಬೇಡ ಎಂದಿದ್ದಾರೆ.

ಅವಳ ಚೀಟಿಯ ನಂಬರ್ ಹಾಕಿ ಫೈಲ್ ತೆಗೆದೆ. ಹೆಸರು — ಚುಕ್ಕಿ. ಫೋನ್ — ಚುಕ್ಕಿ. ಫಲಿತಾಂಶ — ಹೆಪಟೈಟಿಸ್ ಬಿ, ಪಾಸಿಟಿವ್. ಷರಾ — "ದೇಶನೂರು, ಸಾಲಿ ಅಡುಗಿ ವೀರಭದ್ರಮ್ಮ, ಮೈಲಾರಲಿಂಗಪ್ಪನ ಸೊಸಿ."

ಇದೇ ಪದ್ಧತಿ. ಒಬ್ಬರ ರಿಪೋರ್ಟ್ ಇನ್ನೊಬ್ಬರಿಗೆ ಹೋಗದಿರಲಿ ಎಂದು ವಿಜಯಲಕ್ಷ್ಮಿ ಎಲ್ಲರ ಗುರುತನ್ನೂ ಷರಾದಲ್ಲಿ ಬರೆಯುತ್ತಿದ್ದಾಳೆ. ವಿಚಾರಿಸಿದಾಗ ತಿಳಿಯಿತು: ಕುರುಗೋಡು ಲ್ಯಾಬಿನ ವಿರೂಪಾಕ್ಷಿ ಅದನ್ನು ಓದಿದ. ಅವನ ಅಕ್ಕನ ಮಕ್ಕಳು ಅದೇ ಶಾಲೆ. ಅಕ್ಕನಿಗೆ ಫೋನ್ ಮಾಡಿದ. ಮುಗಿಯಿತು.

"ಹೆಸರು ಯಾರಿಗೂ ಕಾಣಂಗಿಲ್ಲ ಅಂತ ಆ ಕೌಂಟರಿನ ಹುಡುಗಿ ಹೇಳಿದ್ಲ್ರಿ," ಎಂದಳು ವೀರಭದ್ರಮ್ಮ. "ಅದಕ್ಕ ಟೆಸ್ಟಿಗೆ ರಕ್ತ ಕೊಟ್ಟೆ."

ನಾಚಿಕೆಯಾಯಿತು. ಬೇರೆ ಪದ ಇಲ್ಲ.

ಅವಳು ಹೋದ ಮೇಲೆ ಷರಾಕ್ಕೂ ರೂಲ್ ಹಾಕಿದೆ. ಒಂದೇ ಸಾಲು. ಎರಡು ನಿಮಿಷದ ಕೆಲಸ.

ಜುಲೈ 23, ಮಂಗಳವಾರ

ನಾಳೆ ದೂರು ಬಂದರೆ ತೋರಿಸಲು ದೊಡ್ಡಬಸವರಾಜ ಸರ್‌ಗೆ ಒಂದು ಪತ್ರ ಬೇಕಂತೆ — ರೂಲ್ ಸರಿಯಾಗಿಯೇ ಕೆಲಸ ಮಾಡಿತ್ತು ಎಂದು. ಸುಳ್ಳೇನಲ್ಲ. ಬರೆದುಕೊಟ್ಟೆ.

ಜುಲೈ 25, ಗುರುವಾರ

ರಜೆ ಹಾಕಿ ದೇಶನೂರಿಗೆ ಹೋದೆ. ನಮ್ಮ ಲ್ಯಾಬಿನ ಡಾಕ್ಟರ ಪತ್ರ ಒಯ್ದಿದ್ದೆ: ಇದು ರಕ್ತದಿಂದ ಹರಡುವ ರೋಗ, ಅಡುಗೆಯಿಂದ, ಊಟದಿಂದ ಅಲ್ಲ. ಶಾಲೆಯಲ್ಲಿ ಹೆಡ್‌ಮಾಸ್ತರು, ನಾಲ್ಕಾರು ತಾಯಂದಿರು ಕೂತಿದ್ದರು. ಗಟ್ಟಿಯಾಗಿ ಓದಿದೆ. ಎರಡು ಸಲ.

"ನಮಗ ತಿಳೀತೈತ್ರಿ," ಎಂದರು ಹೆಡ್‌ಮಾಸ್ತರು. "ಮನಸು ಒಪ್ಪಬೇಕಲ್ರಿ?"

ಸಿಟ್ಟು ಬಂತು. ಓದಿದವರು ನೀವೇ ಹೀಗೆಂದರೆ ಹೇಗೆ ಎಂದು ರೇಗಿದೆ.

ಆಮೇಲೆ ವೀರಭದ್ರಮ್ಮ ಮನೆಗೆ ಕರೆದಳು. "ಬಿಸಲಾಗ ಬಂದೀರಿ, ಉಂಡು ಹೋಗ್ರಿ ಸರ್." ರೊಟ್ಟಿ, ಪುಂಡಿಪಲ್ಯ. ತಟ್ಟೆ ಮುಂದಿಟ್ಟು ಎದುರಿಗೇ ನಿಂತಳು. ನನ್ನ ಕೈಯನ್ನೇ ನೋಡುತ್ತಿದ್ದಳು.

ಪತ್ರ ಜೇಬಿನಲ್ಲೇ ಇತ್ತು. ಅಷ್ಟೂ ಬಾಯಿಪಾಠ. ಹಸಿವೂ ಇತ್ತು. ಆದರೂ ಕೈ ತಟ್ಟೆಗೆ ಇಳಿಯಲಿಲ್ಲ.