ಡೆಕ್ಲನ್ ಮನೆಯ ಹಬ್ಬಕ್ಕೆ ಹೋಗದ ಬಿಯರ್

ಲೆಟರ್‌ಕೆನ್ನಿ
ಜೂನ್ ೨೬, ೨೦೨೪

ಪ್ರೀತಿಯ ಗೀತಕ್ಕ,

ಉತ್ತರಕ್ಕೆ ಕಾದು ಕಾದು ನನ್ನನ್ನು ಬೈದುಕೊಂಡಿರುತ್ತೀಯ. ಬೈದುಕೋ, ಆದರೆ ಕಾಗದ ಪೂರ್ತಿ ಓದು. ಫೋನಿನಲ್ಲಿ ಇದೆಲ್ಲ ಹೇಳಲು ಆಗಲಿಲ್ಲ.

ಇವರಿಗೆ ಈಗ ಮನೆಯಲ್ಲೇ ಬಿಯರ್ ಮಾಡುವ ಹುಚ್ಚು. ನಗಬೇಡ. ಭಾವನಿಗೆ ಹೇಳು, ಅಮ್ಮನಿಗೆ ಮಾತ್ರ ಬೇಡ. ಬಿಯರಿಗಿಂತ ಬಾಟಲಿಯ ಮೇಲೇ ಇವರಿಗೆ ಹೆಚ್ಚು ಮಮತೆ. ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ಬಿರುಕು ಹುಡುಕುತ್ತಾರೆ, ಬಾಯಂಚಿನ ಸುತ್ತ ಬೆರಳಾಡಿಸುತ್ತಾರೆ. ಆಪರೇಷನ್ನಿಗೆ ಮುಂಚೆ ಕತ್ತರಿ, ಚಿಮಟ ನೋಡುತ್ತಿದ್ದರಲ್ಲ, ಅದೇ ಮುಖ.

ಪಕ್ಕದ ಮನೆಯ ಡೆಕ್ಲನ್ ತನ್ನ ಮಗಳ ನಿಶ್ಚಿತಾರ್ಥಕ್ಕೆ ಇವರದ್ದೇ ಬಿಯರ್ ಬೇಕೆಂದು ಹಟ ಹಿಡಿದ. ಶರಬತ್ತಿನ ಚೆಂದದ ಬಿಳಿ ಬಾಟಲಿಗಳನ್ನೂ ಹೊತ್ತು ತಂದ. ಇವರು ಒಂದನ್ನೂ ಒಪ್ಪಲಿಲ್ಲ.

"ಏನ್ರೀ, ಪಾಪ, ಅಷ್ಟು ಆಸೆಯಿಂದ ತಂದಿದಾನೆ" ಅಂದೆ.

"ಗಾಜು ತೆಳು ಕಣೇ, ಗ್ಯಾಸ್ ತಡೆಯಲ್ಲ. ಬೆಳಕು ತಗುಲಿದ್ರೆ ವಾಸನೆನೂ ಬರತ್ತೆ" ಎಂದು ದಪ್ಪ ಗಾಜಿನ ಕಂದು ಬಾಟಲಿಗಳಿಗೇ ತುಂಬಿ, ಮೆಟ್ಟಿಲ ಕೆಳಗಿನ ಕತ್ತಲೆ ಗೂಡಿನಲ್ಲಿ ನೆಟ್ಟಗೆ ನಿಲ್ಲಿಸಿದರು.

ನಿಶ್ಚಿತಾರ್ಥಕ್ಕೆ ಎರಡು ದಿನವಿದ್ದಾಗ, ಈ ಊರಿಗೆ ಅಪರೂಪದ ಸೆಕೆ. ಮಧ್ಯಾಹ್ನ ಗೂಡಿನೊಳಗೆ ಢಂ ಎಂದಿತು. ನೋಡಿದರೆ ಒಂದು ಬಾಟಲಿ ಚೂರುಚೂರು. ಒಂದು ಚೂರು ಬಾಗಿಲ ಹಲಗೆಗೇ ನಾಟಿತ್ತು. ಹುಳಿ ಬರುವುದು ಪೂರ್ತಿ ನಿಲ್ಲುವ ಮೊದಲೇ ತುಂಬಿಬಿಟ್ಟಿದ್ದರಂತೆ.

ಡೆಕ್ಲನ್ ಓಡಿ ಬಂದ. ಉಳಿದವು ಗ್ರ್ಯಾಂಡ್ (ಇಲ್ಲಿಯವರ ಮಾತಿನಲ್ಲಿ ಚೆನ್ನಾಗಿವೆ ಅಂತ), ಒಂದು ಹೋದರೇನಂತೆ ಎಂದ. ಇವರು ಬೇಡವೆಂದು ತಲೆಯಾಡಿಸಿದರು. ಎಲ್ಲವೂ ಒಂದೇ ಪಾಕ, ಯಾವುದು ಬೇಕಾದರೂ ಸಿಡಿಯಬಹುದು, ನಿನ್ನ ಮೊಮ್ಮಗಳು ಮೇಜಿನ ಕೆಳಗೇ ಆಡುತ್ತಿರುತ್ತಾಳೆ ಎಂದರು. ಡೆಕ್ಲನ್ ಮುಖ ಊದಿಸಿಕೊಂಡು ಹೋದ. ಎಲ್ಲ ಚೆಲ್ಲುವುದೇ? ಅಷ್ಟು ವಾರಗಳ ಶ್ರಮ!

ಪೆಟ್ಟಿಗೆಗಳ ಮೇಲೆ ದಪ್ಪ ಕಂಬಳಿ ಹೊದಿಸಿ, ತಂಪಾಗುವವರೆಗೆ ಕಾದು, ಕನ್ನಡಕ, ಚರ್ಮದ ಕೈಗವಸು ಹಾಕಿಕೊಂಡು ಇವರು ಒಂದೊಂದೇ ಮುಚ್ಚಳ ಸಡಿಲಿಸಿದರು. ನೊರೆ ಚಿಮ್ಮಿ ಹುಲ್ಲಿಗೆ ಹರಿಯಿತು. ನನ್ನನ್ನು ಹತ್ತಿರ ಬಿಡಲಿಲ್ಲ. ಒಂದು ಬಾಟಲಿಯನ್ನೂ ಉಳಿಸಿಕೊಳ್ಳಲಿಲ್ಲ.

ನಿಶ್ಚಿತಾರ್ಥಕ್ಕೆ ಅಂಗಡಿಯ ಬಿಯರೇ ಬಂತು. ನಾವು ಮುದುಡಿಕೊಂಡು ಮೂಲೆಯಲ್ಲಿ ಕೂತಿದ್ದೆವು. ಡೆಕ್ಲನ್ ಎದ್ದು ಗ್ಲಾಸು ಎತ್ತಿ, "ಈ ಡಾಕ್ಟರ್ ಇವತ್ತು ನಮಗೆ ತನ್ನ ಬಿಯರ್ ಕುಡಿಸಲಿಲ್ಲ. ಅದಕ್ಕೇ ನನ್ನ ಮನೆಯವರನ್ನು ಕಣ್ಣು ಮುಚ್ಚಿ ಈತನ ಕೈಗೆ ಒಪ್ಪಿಸುತ್ತೇನೆ" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಇವರು ತಲೆ ಎತ್ತಲಿಲ್ಲ. ಅಕ್ಕ, ಮದುವೆಯಾಗಿ ಇಷ್ಟು ವರ್ಷಕ್ಕೆ ನಾನು ಇವರನ್ನು ಹೊಸದಾಗಿ ನೋಡಿದೆ.

ಭಾವನಿಗೆ ನಮಸ್ಕಾರ. ಮಾನ್ಯಾ ಓದಿನಲ್ಲಿ ಗೆದ್ದು ಬರಲಿ, ಅವಳಿಗೆ ಚಿಕ್ಕಮ್ಮನ ಆಶೀರ್ವಾದ.

ನಿನ್ನ ತಂಗಿ,
ಜಯಶೀಲಾ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯ ಬರಲಿಲ್ಲ. ಇವರಿಗೆ ಪಾರ್ಕಿನ್ಸನ್ಸ್. ಚಳಿಗಾಲದಲ್ಲಿ ಗೊತ್ತಾಯಿತು. ಯಾರೂ ಹೇಳುವ ಮೊದಲೇ ಆಪರೇಷನ್ ಮಾಡುವುದನ್ನು ತಾವೇ ಬಿಟ್ಟರು. ಮುಂದೆ ನೀನು ಇಲ್ಲಿಗೆ ಬಂದಾಗ ಕಾಫಿ ತಾವೇ ತಂದುಕೊಡುತ್ತಾರೆ, ತುಳುಕುತ್ತದೆ. ಎದ್ದು ಲೋಟ ಹಿಡಿಯಲು ಹೋಗಬೇಡ ಅಕ್ಕ. ಅವರು ನಿನ್ನ ಹತ್ತಿರ ಬರುವವರೆಗೆ ಕೂತಿರು.